ಬಂಗಾರಪೇಟೆ ರೈಲಿನಲ್ಲಿ ಎರಡನೇ ಭಾಗ

‘ಹಂಗರ್ ಗೇಮ್ಸ್’ ಕಾದಂಬರಿ ಓದಿ ಒಂದು ವರ್ಷ ಆಗಿತ್ತು. ಹನ್ನೆರಡು ಜಿಲ್ಲೆಗಳ ಮಕ್ಕಳನ್ನು ಸರ್ಕಾರವೇ ಪ್ರತಿ ವರ್ಷ ಅಖಾಡಕ್ಕಿಳಿಸಿ, ಒಬ್ಬರೇ ಉಳಿಯುವ ತನಕ ಕೊಂದಾಡಿಸುವ ಆಟದ ಕಥೆ ಅದು. ಎರಡನೇ ಭಾಗ ‘ಕ್ಯಾಚಿಂಗ್ ಫೈರ್’ ಕೈಗೆ ಬಂದಾಗ ಅರ್ಧ ಹೆಸರು ಮರೆತೇ ಹೋಗಿದ್ದವು. ಪೂರ್ತಿ ಮತ್ತೆ ಓದೋಕೆ ಪುರುಸೊತ್ತಿಲ್ಲ. ಹಳೇ ಪುಸ್ತಕದ ಮೊದಲ ಅಧ್ಯಾಯ, ಕೊನೆಯ ಎರಡು ಅಧ್ಯಾಯ ಮಾತ್ರ ತಿರುವಿದೆ. ಯಾವ ಜಿಲ್ಲೆಯಲ್ಲಿ ಏನು ಕೆಲಸ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 12 ಕಲ್ಲಿದ್ದಲು, 11 ಬೇಸಾಯ, 4 ಮೀನು. ಅಷ್ಟೇ ಸಾಕಾಯಿತು.

ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲು. ಹೋಗುವಾಗ ಒಂದು ಅಧ್ಯಾಯ, ಬರುವಾಗ ಒಂದು. ಒಟ್ಟು 27. ನಾನು ಓದಿದ್ದು ಕನ್ನಡ ಮೀಡಿಯಂ. ಮೊದಮೊದಲು ಪ್ರತಿ ಪದಕ್ಕೂ ಫೋನಿನಲ್ಲಿ ಅರ್ಥ ಹುಡುಕುತ್ತಿದ್ದೆ, ಕಥೆಯೇ ತಪ್ಪಿಹೋಗುತ್ತಿತ್ತು. ಆಮೇಲೆ ಒಂದೇ ಪದ ಮೂರು ಸಲ ಎದುರಾದರೆ ಮಾತ್ರ ನೋಡಿದೆ. ಕಥೆ ಹೇಳೋದು ಕ್ಯಾಟ್ನಿಸ್, ಮೊದಲ ಭಾಗದಲ್ಲಿ ಆಟ ಗೆದ್ದ 12ನೇ ಜಿಲ್ಲೆಯ ಹುಡುಗಿ. ಎಲ್ಲವನ್ನೂ ಈಗಲೇ ನಡೆಯುತ್ತಿರುವ ಹಾಗೆ ಹೇಳುತ್ತಾಳೆ. ವಾಕ್ಯಗಳೂ ಚಿಕ್ಕವು.

ಆಟ ಯಾವಾಗ ಶುರುವಾಗುತ್ತೆ ಅಂತ ಕಾಯುತ್ತಿದ್ದೆ. ಅಖಾಡ ಬರೋದು ಪುಸ್ತಕದ ಮೂರನೇ ಎರಡು ಪಾಲು ಮುಗಿದ ಮೇಲೆ! ಆದರೆ ಎರಡನೇ ದಿನ ಸಂಜೆ ನಾಲ್ಕನೇ ಅಧ್ಯಾಯ ಓದಿದೆ. ಗೆದ್ದವರ ಮೆರವಣಿಗೆ 11ನೇ ಜಿಲ್ಲೆಗೆ ಬಂದಿದೆ. ಹಿಂದಿನ ಆಟದಲ್ಲಿ ಸತ್ತುಹೋದ ಆ ಜಿಲ್ಲೆಯ ಪುಟ್ಟ ಹುಡುಗಿ ರೂಳ ಮನೆಯವರಿಗೆ ಕ್ಯಾಟ್ನಿಸ್ ನಾಲ್ಕು ಮಾತಾಡುತ್ತಾಳೆ. ಗುಂಪಿನಲ್ಲಿ ಒಬ್ಬ ಮುದುಕ ರೂಳ ರಾಗವನ್ನು ಶಿಳ್ಳೆ ಹಾಕುತ್ತಾನೆ. ಅಷ್ಟಕ್ಕೇ ಅವನನ್ನು ಎಲ್ಲರೆದುರು ಮಂಡಿಯೂರಿಸಿ ಗುಂಡು ಹೊಡೆಯುತ್ತಾರೆ. ಅದನ್ನೇ ಎರಡು ಸಲ ಓದಿದೆ. ಆಮೇಲೆ ಆಟಕ್ಕೆ ಕಾಯೋದು ಬಿಟ್ಟೆ. ಗೆದ್ದರೂ ಆ ಹುಡುಗಿಗೆ ಬಿಡುಗಡೆ ಇಲ್ಲ. ಎರಡನೇ ಭಾಗದ ಕಥೆಯೇ ಅದು ಅಲ್ವಾ?

ಇನ್ನೊಂದು ಮಾತು. ನಮ್ಮ ತಾತ ಕೆಜಿಎಫ್ ಮೈನ್ಸ್‌ನಲ್ಲಿದ್ದವರು. ಒಳಗೆ ಬಂಡೆ ಸಿಡಿದರೆ ಮೇಲೆ ಮನೆಯಲ್ಲಿ ಪಾತ್ರೆ ಅಲುಗುತ್ತಿತ್ತು, ತಾತ ಬರೋವರೆಗೂ ಒಲೆ ಹಚ್ಚುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ಕ್ಯಾಟ್ನಿಸ್‌ಳ ಅಪ್ಪ ಸತ್ತದ್ದು ಗಣಿಯ ಸ್ಫೋಟದಲ್ಲಿ. ಮೊದಲ ಪುಸ್ತಕ ಓದುವಾಗ ಈ ಸಂಗತಿಯನ್ನು ಸುಮ್ನೆ ದಾಟಿ ಹೋಗಿದ್ದೆ. ಈ ಸಲ ಗಣಿಯ ಮಾತು ಬಂದಲ್ಲೆಲ್ಲ ಅಜ್ಜಿಯ ಒಲೆ ನೆನಪಾಯಿತು.

ಈ ಭಾಗದಲ್ಲಿ ಬರುವ 75ನೇ ಆಟದ ನಿಯಮ ಏನು ಅಂತ ಮೊದಲೇ ಯಾರ ಹತ್ತಿರವೂ ಕೇಳಬೇಡಿ. 2013ರ ಸಿನಿಮಾವನ್ನೂ ಆಮೇಲೆ ನೋಡಿ. ಹನ್ನೆರಡನೇ ಅಧ್ಯಾಯದಲ್ಲಿ ಆ ಘೋಷಣೆ ಬಂದಾಗ ನನ್ನ ಕೈ ತಣ್ಣಗಾಗಿತ್ತು.

ಕೊನೆಯ ಸಾಲು ಇಲ್ಲಿ ಹೇಳಲ್ಲ. ಮೂರನೇ ಭಾಗ ‘ಮಾಕಿಂಗ್‌ಜೇ’ಯನ್ನು ಮಾತ್ರ ಮೊದಲೇ ತಂದಿಟ್ಟುಕೊಳ್ಳಿ. 2009ರಲ್ಲಿ ಓದಿದವರು ಅದಕ್ಕಾಗಿ ಒಂದು ವರ್ಷ ಕಾದರು. ನನಗೆ ಮಾರನೇ ದಿನದ ರೈಲಿನ ತನಕವೂ ಕಾಯೋಕಾಗಲಿಲ್ಲ.