ಕಾಲು ಜಾರಿದ ಮರಿಗೆ ಮಾಸ್ಕಿನ ದಾರ

ಮೊಟ್ಟೆಯಿಂದ ಬಂದ ಕೋಳಿಮರಿ ಎರಡೂ ಕಾಲು ಆಚೆಗೊಂದು ಈಚೆಗೊಂದು ಚಾಚಿ ಹೊಟ್ಟೆ ಮೇಲೆ ಬಿದ್ದುಕೊಂಡಿದ್ದರೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: "ಅದು ಉಳಿಯಲ್ಲ, ತೆಗೆದುಬಿಡು." ಈ ಸಲ ನನ್ನ ಇನ್‌ಕ್ಯುಬೇಟರಿನಲ್ಲಿ, ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯಲ್ಲಿ, ಅಂಥ ಮರಿಗಳಲ್ಲಿ ಮುಕ್ಕಾಲು ಪಾಲು ಎದ್ದು ಓಡಾಡಿದವು. ಹಾಗೆ ಹೇಳಿದವರೇ ಬಂದು ನೋಡಿಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ. ಇನ್‌ಕ್ಯುಬೇಟರ್ ಸೆಟ್ಟಿಂಗು, ಮೊಟ್ಟೆ ತಿರುಗಿಸುವುದು ಎಲ್ಲ ನಿಮಗೆ ಗೊತ್ತೇ ಇರುತ್ತದೆ, ಅದರ ತಂಟೆಗೆ ಹೋಗುವುದಿಲ್ಲ.

ಒಂದು ಮರಿಗೆ ಇಷ್ಟೊಂದು ಒದ್ದಾಟವಾ ಅನ್ನಬೇಡಿ, ಲೆಕ್ಕ ನೋಡಿ. ನಾನಿರುವುದು ತಿಪಟೂರು ಕಡೆ. ನಾಟಿ ಹುಂಜಕ್ಕೆ ಒಳ್ಳೆ ರೇಟು ಸಿಗುವುದು ಯುಗಾದಿ ಮಾರನೇ ದಿನ, ಹೊಸತೊಡಕಿಗೆ. ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿ ಆದರೆ ಬೇಗ ತೂಕ ಬರುತ್ತವೆ. ನಾಟಿ ಹುಂಜ ಒಂದೂವರೆ ಕೆಜಿ ತೂಗಬೇಕಾದರೆ 5-6 ತಿಂಗಳು ಬೇಕು. ಅಂದರೆ ಮೊಟ್ಟೆ ಇಡಬೇಕಾದ್ದು ಸೆಪ್ಟೆಂಬರಿನಲ್ಲಿ. ಆಗಲೇ ಗುಡುಗು ಮಳೆ, ಕರೆಂಟು ಹೋದರೆ ಹೋಯಿತು. ಕಾವು ಕಡಿಮೆಯಾದರೆ 21 ದಿನಕ್ಕೆ ಬರಬೇಕಾದ ಮರಿ 22-23ಕ್ಕೆ ಬರುತ್ತದೆ, ಸೊರಗಿ ಬರುತ್ತದೆ. ಮೊಟ್ಟೆಗೆ ಸುಮಾರು 20 ರೂಪಾಯಿ ಕೊಟ್ಟಿದ್ದೆ. ಅರ್ಧಕ್ಕರ್ಧ ಮರಿಯಾದವು ಅಂತಿಟ್ಟುಕೊಂಡರೂ ಮರಿಯೊಂದಕ್ಕೆ 40 ಬಿತ್ತು, ಕರೆಂಟು ಬಿಲ್ಲು ಬೇರೆ. ಅದೇ ಮರಿ ಹೊಸತೊಡಕಿಗೆ 700-800. ತಿಪ್ಪೆಗೆ ಎಸೆಯಲು ಮನಸ್ಸು ಬರುತ್ತದಾ?

ಕಾಲಿಗೆ ಕೈ ಹಾಕುವ ಮೊದಲು ಶಾಖ. ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗಿದ್ದರೆ ಬೇರೆ ಏನೂ ಮಾಡಬೇಡಿ. ನೀರೂ ಬೇಡ, ಏನೂ ಬೇಡ. ತಣ್ಣಗಾದ ಮರಿ ನುಂಗುವುದಿಲ್ಲ, ಕೊಕ್ಕಿಗೆ ಹಾಕಿದ್ದು ಶ್ವಾಸಕ್ಕೆ ಹೋಗಿ ಅಲ್ಲೇ ಕತೆ ಮುಗಿಯುತ್ತದೆ. ನಾನು ರಟ್ಟಿನ ಡಬ್ಬದ ಒಂದು ಮೂಲೆಗೆ ಹಳೇ 60 ವ್ಯಾಟಿನ ಬಲ್ಬು ಇಳಿಬಿಟ್ಟು ಆ ಕಡೆ 35 ಡಿಗ್ರಿ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಇನ್ನೊಂದು ಮೂಲೆ ತಂಪಾಗಿರಲಿ, ಸೆಕೆ ಆದರೆ ಮರಿಯೇ ಅತ್ತ ಸರಿಯುತ್ತದೆ. ಈ ಬಲ್ಬು ಈಗ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ, ಎಲ್ಲ ಎಲ್‌ಇಡಿ ಆಯ್ತಲ್ವಾ. ಎಲ್‌ಇಡಿಯಿಂದ ಬೆಳಕಷ್ಟೇ, ಕಾವಿಲ್ಲ. ಹಳೇ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಧೂಳು ಹಿಡಿದು ಕೂತಿದ್ದ ಒಂದು ಪೆಟ್ಟಿಗೆ ಪೂರ್ತಿ ತಂದಿಟ್ಟುಕೊಂಡಿದ್ದೇನೆ. ಯಾವ ಅಂಗಡಿ ಅಂತ ಹೇಳಲ್ಲ.

ಮರಿ ಬೆಚ್ಚಗಾಗಿ ಚಿಂವ್ ಅನ್ನತೊಡಗಿದ ಮೇಲೆ ನೀರು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ನೆಲ್ಲಿಕಾಯಿ ಗಾತ್ರದ ಬೆಲ್ಲ, ಒಂದು ಚಿಟಿಕೆ ಉಪ್ಪು. ಮೊದಲ ದಿನ ಮಾತ್ರ. ಬೆಲ್ಲ ಜಾಸ್ತಿಯಾದರೆ ಭೇದಿ ಶುರುವಾಗಿ ಹಿಕ್ಕೆ ಹಿಂದೆ ಅಂಟಿ ಗಟ್ಟಿಯಾಗುತ್ತದೆ, ಅದನ್ನು ಬಿಡಿಸುವುದೇ ಇನ್ನೊಂದು ಕೆಲಸ. ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ನೆನೆಸಿ ತೆಗೆಯಬೇಕು, ಕೀಳಬಾರದು. ಹೊಕ್ಕುಳಲ್ಲಿ ಒಣಗಿದ ದಾರದಂಥದ್ದು ನೇತಾಡುತ್ತಿದ್ದರೆ ಅದನ್ನಂತೂ ಮುಟ್ಟಲೇಬೇಡಿ. ನೀರಿನ ಹನಿಯನ್ನು ಕೊಕ್ಕಿನ ಪಕ್ಕಕ್ಕೆ ತಾಗಿಸಿದರೆ ಸಾಕು, ತಾನೇ ಚಪ್ಪರಿಸುತ್ತದೆ. ತಿನ್ನಿಸಲು ಅವಸರ ಬೇಡ. ಹೊಟ್ಟೆಯೊಳಗೆ ಎಳೆದುಕೊಂಡಿರುವ ಮೊಟ್ಟೆಯ ಹಳದಿ ಎರಡು ದಿನ ಸಾಕುತ್ತದೆ.

ಈಗ ಕಾಲು. ದುಡ್ಡು, ಮರಿ ಎರಡೂ ಜಾಸ್ತಿ ಕಳೆದದ್ದು ಇಲ್ಲೇ. ಮೊದಲು ರಬ್ಬರ್ ಬ್ಯಾಂಡು. ರಾತ್ರಿ ಹಾಕಿದ್ದು, ಬೆಳಿಗ್ಗೆ ಹೊತ್ತಿಗೆ ಪಾದ ಊದಿ ನೀಲಿ. ಆಮೇಲೆ ಸೆಲ್ಲೋ ಟೇಪು. ಅದರ ಅಂಚು ಎಳೇ ಚರ್ಮ ಕೊಯ್ದಿತು. ಗಾಯಕ್ಕೆ ಹಾಕುವ ಬ್ಯಾಂಡೇಜು ಪಟ್ಟಿ ಎಲ್ಲರೂ ಹೇಳುವ ಉಪಾಯ. ಕೆಟ್ಟದ್ದಲ್ಲ, ಆದರೆ ನೀರಿನ ತಟ್ಟೆಗೆ ಕಾಲಿಟ್ಟರೆ ಬಿಟ್ಟುಕೊಳ್ಳುತ್ತದೆ, ಒಣಗಿದ್ದರೆ ತೆಗೆಯುವಾಗ ನೋವು. ಮೆಡಿಕಲ್ ಸ್ಟೋರಿಗೆ ಸುರಿದದ್ದು ಹತ್ತಿರ ಹತ್ತಿರ 500 ಆಗಿರಬೇಕು. ನನ್ನ ಹೆಂಡತಿ, "ಮಗೂಗೂ ನೀವು ಇಷ್ಟು ಮಾಡಿಲ್ಲ" ಅಂದಳು.

ಕೊನೆಗೆ ಕೆಲಸ ಮಾಡಿದ್ದು ಕೊರೊನಾ ಕಾಲದಲ್ಲಿ ತಂದು ಮಿಕ್ಕಿದ್ದ ಮಾಸ್ಕು. ಅದರ ಕಿವಿಗೆ ಹಾಕುವ ಎಲಾಸ್ಟಿಕ್ ದಾರ ಮೆತ್ತಗೆ, ದುಂಡಗೆ, ಎಲ್ಲೂ ಅಂಚಿಲ್ಲ. ಜ್ಯೂಸ್ ಕುಡಿಯುವ ಸ್ಟ್ರಾ ಒಂದನ್ನು ಹೆಬ್ಬೆರಳಿನ ಅಗಲಕ್ಕಿಂತ ಚೂರು ಕಡಿಮೆ ಕತ್ತರಿಸಿ ಅದರೊಳಗೆ ಈ ದಾರ ಪೋಣಿಸಿ. ಎರಡೂ ತುದಿಗೆ ಸಣ್ಣ ಕುಣಿಕೆ. ಪಾದದ ಸ್ವಲ್ಪ ಮೇಲೆ, ಮಂಡಿಯ ಕೆಳಗೆ ಒಂದೊಂದು ಕಾಲಿಗೆ ಒಂದೊಂದು. ಕುಣಿಕೆಯೊಳಗೆ ಬೆಂಕಿಕಡ್ಡಿ ಸಲೀಸಾಗಿ ತೂರಬೇಕು. ಸ್ಟ್ರಾ ನಡುವೆ ಇರುವುದರಿಂದ ಕಾಲು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಎಲಾಸ್ಟಿಕ್ ಇರುವುದರಿಂದ ಹೆಜ್ಜೆ ಇಡಲು ಬರುತ್ತದೆ. ಗಂಟು ಯಾವುದು ಹಾಕಬೇಕು ಅನ್ನುವುದನ್ನು ನಾನು ಬರೆಯಲ್ಲ, ಮಗ್ಗದ ಕೆಲಸ ಗೊತ್ತಿದ್ದ ನಮ್ಮ ಅಜ್ಜಿ ಕಲಿಸಿದ್ದು ಅದು. ಪಕ್ಕದ ತೋಟದವರು ನೋಡಿ, "ಏನ್ ಸ್ವಾಮಿ, ಕೋಳಿಗೂ ಮಾಸ್ಕಾ?" ಅಂತ ಊರೆಲ್ಲ ಹೇಳಿಕೊಂಡು ಬಂದರು. ಆಗಲಿ ಬಿಡಿ.

ಕಟ್ಟಿದ ತಕ್ಷಣ ಮರಿ ಮೂತಿ ಮುಂದೆ ಮಾಡಿ ಧೊಪ್ ಅಂತ ಬೀಳುತ್ತದೆ. ರೆಕ್ಕೆ ಊರಿ ಏಳುತ್ತದೆ, ಮತ್ತೆ ಬೀಳುತ್ತದೆ. ನೋಡಲು ಆಗದೆ ಬಿಚ್ಚಿಬಿಡುವವರೇ ಜಾಸ್ತಿ. ತಡೆದುಕೊಳ್ಳಿ. ಅರ್ಧ ದಿನದಲ್ಲಿ ಲಯ ಹಿಡಿಯುತ್ತದೆ. ದಿನಕ್ಕೊಮ್ಮೆ ಸಡಿಲ ನೋಡಬೇಕು, ಮರಿ ಬೆಳೆಯುತ್ತದೆ, ಕುಣಿಕೆ ಬೆಳೆಯುವುದಿಲ್ಲವಲ್ಲ. ಮೂರು ನಾಲ್ಕು ದಿನಕ್ಕೆ ಬಿಚ್ಚಬಹುದು. ಹುಟ್ಟಿದ ಮೊದಲೆರಡು ದಿನದಲ್ಲೇ ಕಟ್ಟಬೇಕು. ವಾರ ಆದ ಮೇಲೆ ಕಟ್ಟಿದ್ದು ಒಂದೂ ಸರಿಹೋಗಲಿಲ್ಲ.

ನೆಲ ಜಾರಿದರೆ ಈ ಕಟ್ಟೆಲ್ಲ ಸುಮ್ನೆ. ನ್ಯೂಸ್ ಪೇಪರ್ ಹಾಸುವುದನ್ನು ದಯವಿಟ್ಟು ಬಿಡಿ, ಎಷ್ಟೋ ಮರಿಗಳ ಕಾಲು ಜಾರುವುದೇ ಅದರಿಂದ. ಟವೆಲ್ ಹಾಕಿ ನೋಡಿದೆ, ಉಗುರು ಎಳೆಗೆ ಸಿಕ್ಕಿಕೊಂಡವು. ಭತ್ತದ ಹೊಟ್ಟನ್ನು ಮೊದಲ ದಿನ ಮೇವೆಂದು ಕುಕ್ಕುತ್ತವೆ. ಈಗ ಇನ್‌ಕ್ಯುಬೇಟರಿನ ತಳಕ್ಕೆ ಪ್ಲಾಸ್ಟಿಕ್ ಸೊಳ್ಳೆ ಮೆಶ್, ಡಬ್ಬಕ್ಕೆ ತೊಳೆದ ಗೋಣಿಚೀಲ, ನಾಲ್ಕು ದಿನದ ಮೇಲೆ ಹೊಟ್ಟು.

ಎಲ್ಲವೂ ಉಳಿಯುವುದಿಲ್ಲ. ಹೊಕ್ಕುಳು ಒದ್ದೆಯಾಗಿ ನಾರುತ್ತಿದ್ದು ಹೊಟ್ಟೆ ಉಬ್ಬಿದ್ದರೆ ಅದನ್ನು ಬೇರೆ ಇಡಿ, ಆಸೆ ಇಟ್ಟುಕೊಳ್ಳಬೇಡಿ. ಅಯೋಡಿನ್ ಹಚ್ಚಿದೆ, ಅರಿಶಿನ ಹಚ್ಚಿದೆ, ನನ್ನಲ್ಲಿ ಅಂಥದ್ದು ಉಳಿದಿಲ್ಲ. ಮಂಡಿ ಊದಿ ಕಾಲು ಒಂದೇ ಪಕ್ಕಕ್ಕೆ ತಿರುಚಿದ್ದರೆ ಸ್ನಾಯುರಜ್ಜು (ಟೆಂಡನ್) ಜಾರಿರುತ್ತದೆ, ದಾರ ಕಟ್ಟಿ ಪ್ರಯೋಜನವಿಲ್ಲ. ಬೆರಳು ಮುಷ್ಟಿಯಂತೆ ಮಡಚಿಕೊಂಡಿದ್ದರೆ ಅದು ಬಿ2 ವಿಟಮಿನ್ ಕೊರತೆ ಇರಬಹುದು. ಬಿ ಕಾಂಪ್ಲೆಕ್ಸ್ ಹನಿ ನೀರಿಗೆ ಹಾಕಿದೆ, ಕೆಲವದರ ಬೆರಳು ಬಿಚ್ಚಿಕೊಂಡಿತು. ತಾಯಿ ಕೋಳಿಗಳಿಗೆ ಬರೀ ರಾಗಿ, ನುಚ್ಚು ಹಾಕಿದ ತಿಂಗಳಲ್ಲೇ ಇದು ಬಂದದ್ದು ಅನ್ನುವುದು ನನ್ನ ಗುಮಾನಿ.

ಕಾವಿಗೆ ಕೂತ ಹೇಂಟೆಯ ಕೆಳಗೆ ರಾತ್ರಿ ಈ ಮರಿಗಳನ್ನು ಸೇರಿಸಿಯೂ ನೋಡಿದೆ, ಕರೆಂಟು ಉಳಿಯಲಿ ಅಂತ. ಗಟ್ಟಿ ಮರಿಗಳನ್ನು ಒಪ್ಪಿಕೊಂಡಿತು, ಕಟ್ಟು ಹಾಕಿದ್ದನ್ನು ಕುಕ್ಕಿ ಆಚೆ ತಳ್ಳಿತು. ಕಟ್ಟು ಬಿಚ್ಚಿದ ಮೇಲೆ ಎರಡು ದಿನ ಬಿಟ್ಟು ಸೇರಿಸಿದರೆ ತಂಟೆ ಇಲ್ಲ.

ಇನ್ನು ಕೊಕ್ಕರೆ ರೋಗ (ರಾಣಿಖೇತ್) ಬರದಂತೆ ಹಾಕುವ ಲಸೋಟಾ ಲಸಿಕೆಯ ಹನಿ. ವಾರದ ಮರಿಗೆ ಹಾಕುವಾಗ ಈ ಸೊರಗಿದವನ್ನು ಆ ಸುತ್ತಿನಲ್ಲಿ ಬಿಟ್ಟು, ಚೇತರಿಸಿಕೊಂಡ ಮೇಲೆ ಹಾಕುತ್ತೇನೆ. ಕಷ್ಟ ಏನೆಂದರೆ ಲಸಿಕೆಯ ಸಣ್ಣ ಸೀಸೆ, ಅಂದರೆ ವಯಲ್ಲಿನಲ್ಲಿ ಕಡಿಮೆ ಅಂದರೂ 100 ಡೋಸು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಐದಾರು ಮರಿಗೆ ಇನ್ನೊಂದು ವಯಲ್ ಒಡೆಯಲು ಕೈ ಬರುವುದಿಲ್ಲ. ಹಾಗಾಗಿ ಪಕ್ಕದ ತೋಟದವರು ತಮ್ಮ ಮರಿಗಳಿಗೆ ಹಾಕುವ ದಿನ ಕೇಳಿಕೊಂಡು ನನ್ನವನ್ನು ಬುಟ್ಟಿಯಲ್ಲಿ ಹೊತ್ತೊಯ್ಯುತ್ತೇನೆ, ಖರ್ಚು ಹಂಚಿಕೊಳ್ಳುತ್ತೇವೆ. ಮೊನ್ನೆ ಹೋದಾಗ ಅವರ ಡಬ್ಬದಲ್ಲೂ ಎರಡು ಮರಿಗೆ ಮಾಸ್ಕಿನ ದಾರ ಕಟ್ಟಿತ್ತು. ಗಂಟು ಮಾತ್ರ ಸರಿಯಿರಲಿಲ್ಲ.