ಹಿಮದ ಮೇಲೆ ನಾಯಿಬಂಡಿ ಹೂಡುವ ಬಗೆ

ಅಲಾಸ್ಕದಲ್ಲಿ ನಾಯಿಗಳು ಎಳೆಯುವ ಸ್ಲೆಡ್ (ಚಕ್ರವಿಲ್ಲದ ಜಾರುಬಂಡಿ) ನಡೆಸುವವರನ್ನು ಮಷರ್ ಎನ್ನುತ್ತಾರೆ. ಎತ್ತಿಗೆ ಮೂಗುದಾರವಿದೆ, ಕುದುರೆಗೆ ಲಗಾಮಿದೆ. ಈ ನಾಯಿಗಳನ್ನು ತಿರುಗಿಸಲು ಮಷರ್‌ಗೆ ಇರುವುದು ದನಿಯೊಂದೇ. ಹೊರಡಲು ‘ಹೈಕ್’, ಬಲಕ್ಕೆ ‘ಜೀ’, ಎಡಕ್ಕೆ ‘ಹಾ’, ನಿಲ್ಲಲು ‘ವೋ’ ಎಂಬ ಕರೆಗಳನ್ನು ಮೊದಲು ಬಾಯಿಪಾಠ ಮಾಡಿಕೊಳ್ಳಿ.

ಬಳಿಕ ನಾಯಿಗಳ ಪಾದಗಳಿಗೆ ಬಟ್ಟೆಯ ಬೂಟಿ ತೊಡಿಸಿ. ಪಟ್ಟಿ ಸಡಿಲವಾದರೆ ಬೂಟಿ ಕಳಚುತ್ತದೆ, ಅತಿ ಬಿಗಿಯಾದರೆ ರಕ್ತಸಂಚಾರ ತಡೆದು ಕಾಲು ಊದುತ್ತದೆ.

ಹೊಸಬರು ಎಡವುವುದು ಹೂಡುವಾಗ. ಒಂದು ನಾಯಿಯನ್ನೂ ಹಗ್ಗಕ್ಕೆ ಸಿಕ್ಕಿಸುವ ಮೊದಲೇ ಸ್ಲೆಡ್ಡನ್ನು ಗಟ್ಟಿಮುಟ್ಟಾದ ಮರಕ್ಕೋ ಕಂಬಕ್ಕೋ ಕಟ್ಟಬೇಕು. ಅದೂ ಭಾರ ಬಿದ್ದಿರುವಾಗಲೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕೊಂಡಿಯಿಂದ. ಬರಿಯ ಗಂಟು ಸಾಕೆನ್ನುವವರ ಮಾತು ಕೇಳಬೇಡಿ, ಏಕೆಂದರೆ ಹುರುಪಿನ ನಾಯಿಗಳು ಜಗ್ಗಿ ಬಿಗಿದ ಗಂಟನ್ನು ಮರಗಟ್ಟಿದ ಬೆರಳುಗಳಿಂದ ಬಿಚ್ಚಲಾಗದು. ಅಗ್ಗದ ಕೊಂಡಿಗಳೂ ಬೇಡ; ಅವುಗಳ ಸ್ಪ್ರಿಂಗು ಹಿಮ ಸೇರಿ ಸೆಟೆದುಕೊಳ್ಳುತ್ತದೆ. ನಾಯಿಗಳನ್ನೆಲ್ಲ ಸ್ಲೆಡ್ಡಿಗೆ ಜೋಡಿಸುವ ನಡುಹಗ್ಗವನ್ನು ನೇರವಾಗಿ ಹಾಸಿ, ನಿಂತಲ್ಲೇ ನಿಂತು ಹಗ್ಗವನ್ನು ಬಿಗಿಯಾಗಿ ಹಿಡಿದಿಡಬಲ್ಲ ಮುಂದಾಳು ನಾಯಿಗಳನ್ನು ಮೊದಲು ಹೂಡಿ, ಆಮೇಲೆ ಉಳಿದವನ್ನು ಹೂಡಿ. ಎಲ್ಲ ಮುಗಿದ ಮೇಲೆ ಎರಡೂ ಪಾದಗಳಿಂದ ಬ್ರೇಕು ಒತ್ತಿ, ಸ್ಲೆಡ್ಡನ್ನು ತಡೆದು ನಿಲ್ಲಿಸಲು ಹಿಮಕ್ಕೆ ನಾಟಿದ ಕಬ್ಬಿಣದ ಕೊಕ್ಕೆಯನ್ನು ಕಿತ್ತು ಸ್ಲೆಡ್ಡಿನಲ್ಲಿ ಅದರ ಜಾಗದಲ್ಲಿ ಭದ್ರಪಡಿಸಿ. ತೂಗಾಡುವ ಕೊಕ್ಕೆ ನಿಮ್ಮ ಕಾಲನ್ನೇ ಸೀಳೀತು. ಕೊಂಡಿ ಎಳೆಯುವುದು ಕಟ್ಟಕಡೆಗೆ. ಬಿದ್ದರೂ ಸ್ಲೆಡ್ಡಿನ ಹಿಡಿಯನ್ನು ಬಿಡಬಾರದು: ಖಾಲಿ ಸ್ಲೆಡ್ ಎಳೆದೋಡುವ ನಾಯಿಗಳು ಹಗ್ಗಕ್ಕೆ ಸಿಕ್ಕಿ ಗಾಯಗೊಳ್ಳುತ್ತವೆ. ಕೊಕ್ಕೆಗಳು ಎರಡಿರಲಿ ಎಂಬುದು ನನ್ನ ಹಟ. ಆದರೆ ಸಡಿಲ ಹಿಮದಲ್ಲಿ ಎರಡೂ ಹಿಡಿಯಲಾರವು. ನಿಲ್ಲಿಸಲು ಗಟ್ಟಿ ಹಿಮವನ್ನೇ ಹುಡುಕಬೇಕು.

ಓಟದಲ್ಲಿ ಪ್ರತಿ ನಾಯಿಯ ಎಳೆಹಗ್ಗದ ಮೇಲೆ ಕಣ್ಣಿಡಿ. ಅದು ಜೋತುಬಿದ್ದರೆ ಆ ನಾಯಿ ದಣಿದಿದೆ ಅಥವಾ ನೋವಿನಲ್ಲಿದೆ ಎಂದು ಶಂಕಿಸಿ. ಅಗತ್ಯವಾದರೆ ಬಿಚ್ಚಿ ಸ್ಲೆಡ್ಡಿನ ಚೀಲದಲ್ಲಿ ಕೂರಿಸಿಕೊಳ್ಳಬೇಕು. ಏರಿನಲ್ಲಿ ಇಳಿದು ತಳ್ಳಿ. ಕಣ್ಣಿಗೆ ದಾರಿ ಕಾಣದಾಗ ಮುಂದಾಳು ನಾಯಿಯನ್ನು ನಂಬಿ. 1925ರ ಜನವರಿ ಕೊನೆಯಿಂದ ಫೆಬ್ರವರಿ ಆರಂಭದವರೆಗೆ ಡಿಫ್ತೀರಿಯಾ ಎಂಬ ಗಂಟಲುರೋಗದ ಔಷಧವನ್ನು ಅಲಾಸ್ಕದ ನೆನಾನಾದಿಂದ ನೋಮ್ ಪಟ್ಟಣಕ್ಕೆ ಸುಮಾರು 1,085 ಕಿಲೋಮೀಟರ್ ಸಾಗಿಸಿದ ಓಟದ ಕೊನೆಯ ಭಾಗದಲ್ಲಿ, ಬಿರುಗಾಳಿಗೆ ಸಿಕ್ಕ ಮಷರ್ ಗುನ್ನರ್ ಕಾಸನ್ ಬಾಲ್ಟೋ ಎಂಬ ನಾಯಿಯನ್ನು ನೆಚ್ಚಿಕೊಂಡೇ ಮುಂದೆ ಸಾಗಿದರು.

ನಿಂತ ಕೂಡಲೇ ಮಷರ್ ಬಿಸಿನೀರಿನ ಕೆಲಸ ಹಿಡಿಯಬೇಕು. ಹಿಮ ಕರಗಿಸಿದ ನೀರನ್ನು ಚಳಿಯಲ್ಲಿ ನಾಯಿಗಳು ಸುಲಭವಾಗಿ ಕುಡಿಯವು; ಮಾಂಸದ ಚೂರುಗಳನ್ನು ಬೆರೆಸಿ ಕೊಡಿ. ದೂರದ ಓಟಗಳಲ್ಲಿ ಒಂದು ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲರಿ ಬೇಕಾಗುವುದರಿಂದ ಕೊಬ್ಬಿನ ವಿಷಯದಲ್ಲಿ ಜಿಪುಣತನ ಸಲ್ಲದು. ಮಲಗಲು ಹುಲ್ಲು ಹರಡಿ, ಬೂಟಿ ಕಳಚಿ, ಬೆರಳಸಂದುಗಳನ್ನು ಒಂದೊಂದಾಗಿ ತೆರೆದು ನೋಡಿ ಮುಲಾಮು ಹಚ್ಚಿದ ಬಳಿಕವೇ ಮಷರ್ ತನ್ನ ಕೈಗವಸು ಬಿಚ್ಚಿ ಊಟಕ್ಕೆ ಕೂರುತ್ತಾನೆ.