ಪದಕದ ಹಿಂದಿನ ನಂಬರಿನಿಂದ ಅಜ್ಜನ ಯುದ್ಧದವರೆಗೆ

ಬೆಳಗಾವಿ ಜಿಲ್ಲೆಯಲ್ಲಿ ಪಲ್ಟಣಕ್ಕೆ ಹೋಗಿಬಂದ ಅಜ್ಜಂದಿರು ಊರೂರಿಗೂ ಇದ್ದರು. ಯಾವ ವರ್ಷ ಹೋದ, ಎಲ್ಲಿ ಕಾದಿದ ಎಂದು ಕೇಳಿದರೆ ಮಾತ್ರ ಮನೆಯವರ ಉತ್ತರ "ಜರ್ಮನ್ ಯುದ್ಧಕ್ಕ ಹೋಗಿದ್ದ" ಅನ್ನುವಲ್ಲಿಗೆ ಮುಗಿಯುತ್ತದೆ. ನಮ್ಮಲ್ಲೂ ಹಾಗೇ ಇತ್ತು. ಬೈಲಹೊಂಗಲ ಕಡೆಯ ನನ್ನ ಅಜ್ಜ, ಅಪ್ಪನ ತಂದೆ, ಎರಡನೇ ಮಹಾಯುದ್ಧದಲ್ಲಿ ಬರೀ ಸಿಪಾಯಿ. ಬಡ್ತಿ ಇಲ್ಲ, ಶೌರ್ಯಪದಕ ಇಲ್ಲ, ಅವನು ಬರೆಸಿದ ಒಂದು ಪತ್ರವೂ ಉಳಿದಿಲ್ಲ. ಅಂಥವನ ಸೇವೆಯನ್ನು ಹೇಗೆ ಹುಡುಕಿ ತೆಗೆದೆ ಎಂಬುದನ್ನು, ಈ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲು ಪದಕಗಳನ್ನು ನೋಡಿ. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಆ ಯುದ್ಧದ ನಕ್ಷತ್ರಪದಕಗಳ ಮೇಲೆ ಹೆಸರಿರಲಿಲ್ಲ. ಭಾರತೀಯ ಸೇನೆಯವರ ಪದಕಗಳ ಮೇಲೆ ಸೈನಿಕನ ಸೇವಾ ನಂಬರು, ದರ್ಜೆ, ಹೆಸರು, ರೆಜಿಮೆಂಟು ಕೊರೆದಿರುತ್ತಿದ್ದರು. ನಕ್ಷತ್ರವಾದರೆ ಹಿಂಬದಿಯಲ್ಲಿ, ದುಂಡು ಪದಕವಾದರೆ ಅಂಚಿನ ಮೇಲೆ. ನಮ್ಮತ್ತೆ ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು, ಹಾಗಾಗಿ ನಕ್ಷತ್ರಗಳ ಮೇಲಿನ ಅಕ್ಷರ ಅರ್ಧ ಸವೆದಿದ್ದವು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ಅಡ್ಡಲಾಗಿ ಹಿಡಿದರೆ ಅಕ್ಷರದ ನೆರಳು ಎದ್ದು ಕಾಣುತ್ತದೆ. ಆಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಮೆಲ್ಲಗೆ ಉಜ್ಜಿದೆ. ಕೊನೆಯ ಎರಡು ಅಂಕಿ ಮೂಡಲಿಲ್ಲ, ಅವು ದುಂಡು ಪದಕದ ಅಂಚಿನಲ್ಲಿ ಸಿಕ್ಕವು. ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ. ನಂಬರು ಅಳಿಸಿದರೆ ಮುಂದಿನ ದಾರಿಯೇ ಮುಚ್ಚುತ್ತದೆ.

ರಿಬ್ಬನ್ ಕೂಡ ಸಾಕ್ಷಿ ಹೇಳುತ್ತದೆ. ಅಜ್ಜ ಆಫ್ರಿಕಾದ ಮರಳಿನಲ್ಲಿ ಕಾದಿದ್ದ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಆದರೆ ಆಫ್ರಿಕಾ ಸ್ಟಾರ್ ಇರಲೇ ಇಲ್ಲ. ಇದ್ದದ್ದು ಕೆಂಪು, ಬಿಳಿ, ಹಸಿರು ಪಟ್ಟಿಯ ಇಟಲಿ ಸ್ಟಾರ್. 1943ರ ಜೂನ್ 11ರಿಂದ 1945ರ ಮೇ 8ರ ನಡುವೆ ಆ ರಣರಂಗದಲ್ಲಿ ಇದ್ದವರಿಗೆ ಕೊಟ್ಟದ್ದು. ಆಫ್ರಿಕಾದ್ದು 1943ರ ಮೇ 12ಕ್ಕೇ ಮುಗಿದಿತ್ತು. ಅಪ್ಪನಿಗೆ ಇದನ್ನು ಹೇಳುವಾಗ ನನಗೇ ಕಸಿವಿಸಿಯಾಯಿತು. ಆದರೂ ಇಟಲಿಯ ಚಳಿಯಲ್ಲಿ, ಕೆಸರಿನಲ್ಲಿ ಕಳೆದ ದಿನಗಳು ಅಜ್ಜನ ಸ್ವಂತದ್ದು. ಬೇರೆಯವರ ಯುದ್ಧ ಅವನಿಗೆ ಬೇಕಿಲ್ಲ.

ಇನ್ನು ಬೆಟಾಲಿಯನ್. ಆಗಿನ 5ನೇ ಮರಾಠಾ ಲೈಟ್ ಇನ್‌ಫಂಟ್ರಿಯ ಪಲ್ಟಣಗಳು ಬೇರೆ ಬೇರೆ ಕಡೆ ಕಾದಿವೆ. 2ನೆಯದು 1942ರ ಜೂನ್‌ನಲ್ಲಿ ಟೊಬ್ರುಕ್ ಬಿದ್ದಾಗ ಸೆರೆಯಾಯಿತು. 4ನೆಯದು 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಜಪಾನಿಯರನ್ನು ಎದುರಿಸಿತು. 1 ಮತ್ತು 3 ಇಟಲಿಗೆ ಹೋದವು. ಇವೆರಡರಲ್ಲಿ ಯಾವುದು ಎಂಬ ಗಂಟು ಬಿಡಿಸಿದವರು ಓಣಿಯ ಹಿರಿಯರಾದ ಕಾಕಾ ಒಬ್ಬರು. "ನಿಮ್ಮಜ್ಜಾರು ಜಂಗಿ ಪಲ್ಟಣದಾಗ ಇದ್ರವಾ ತಂಗಿ, ನಾವು ಸಣ್ಣವರಿದ್ದಾಗ ಹಂಗ ಹೇಳತಿದ್ರು" ಅಂದರು. ಜಂಗಿ ಪಲ್ಟಣ ಅಂದರೆ 1ನೇ ಬೆಟಾಲಿಯನ್. ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಸಿಕ್ಕ ಮೇಲೆ ಅದೇ ಖಚಿತವಾಯಿತು.

ಆ ಬುಕ್ ಸಿಕ್ಕದ್ದು ದೇವರ ಮಾಡದಲ್ಲಿ, ಹಳೇ ಪಂಚಾಂಗಗಳ ಕೆಳಗೆ. ಓದುವಾಗ ಎರಡು ಸಂಗತಿ ನೆನಪಿಡಿ. ತಾಲ್ಲೂಕಿನ ಹೆಸರು ಆಗ ಬೇರೆ ಇತ್ತು: ಬೈಲಹೊಂಗಲದ್ದು ಸಂಪಗಾಂವ ತಾಲ್ಲೂಕು, ಸವದತ್ತಿಯದ್ದು ಪರಸಗಡ. ಬಾಗಲಕೋಟೆಯವರು ವಿಜಾಪುರ ಜಿಲ್ಲೆ ಎಂದೇ ಹುಡುಕಬೇಕು, ಆ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಊರಿನ ಹೆಸರನ್ನಂತೂ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದಿರುತ್ತಾನೆ. ಗಟ್ಟಿಯಾಗಿ ಓದಿ ನೋಡಿದರೆ ಹೊಳೆಯುತ್ತದೆ.

ಎರಡನೆಯದು ಗುರುತಿನ ಚಿಹ್ನೆಗಳು. ಭರ್ತಿಯಾದ ದಿನ ಬರೆದದ್ದರಲ್ಲಿ ಗದ್ದದ ಮೇಲಿನ ಮಚ್ಚೆ ಇದೆ, ಬಲ ಮುಂಗೈಯ ಉದ್ದ ಗಾಯದ ಗುರುತು ಇಲ್ಲ. ಅಪ್ಪನಿಗೂ ಅತ್ತೆಗೂ ಆ ಗುರುತು ಚೆನ್ನಾಗಿ ನೆನಪಿದೆ, ಪಲ್ಟಣದಿಂದ ಬರುವಾಗಲೇ ಇತ್ತು ಅನ್ನುತ್ತಾರೆ. ಹಾಗಾದರೆ ಅದು ಸೇವೆಯಲ್ಲಿ ಆದದ್ದು. ಗುಂಡೋ, ತಂತಿಬೇಲಿಯೋ, ಲಾರಿಯ ಬಾಗಿಲೋ, ಅದಕ್ಕೆ ಕಾಗದ ಇಲ್ಲ. ನನ್ನ ಟಿಪ್ಪಣಿಯಲ್ಲಿ "ಸೇವೆಯಲ್ಲಿ ಆದ ಗಾಯ" ಎಂದಷ್ಟೇ ಬರೆದಿದ್ದೇನೆ.

ನಂಬರು ಕೈಯಲ್ಲಿದ್ದರೆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಬಹುದು. ಮರಾಠಾದ್ದು ನಮ್ಮ ಬೆಳಗಾವಿಯಲ್ಲೇ ಇದೆ. ಪಿಂಚಣಿ ಇಲ್ಲದೆ ಮನೆಗೆ ಬಂದವರ ಕಡತಗಳನ್ನು ಸಾಮಾನ್ಯವಾಗಿ 25 ವರ್ಷದ ಬಳಿಕ ನಾಶಪಡಿಸಿರುತ್ತಾರೆ, ಯುದ್ಧಕ್ಕೆಂದು ಸೇರಿದವರಲ್ಲಿ ಬಹುಪಾಲು ಇಂಥವರೇ. ಆದರೆ ಭರ್ತಿಯಾದವರ ಹೆಸರು ಬರೆದಿಟ್ಟ ಲಾಂಗ್ ರೋಲ್ ಎಂಬ ದಪ್ಪ ದಾಖಲೆಪುಸ್ತಕವನ್ನು ಉಳಿಸಿರುತ್ತಾರೆ. "ಲಾಂಗ್ ರೋಲ್ ನೋಡಿ ತಿಳಿಸಿ" ಎಂದು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಅಜ್ಜ 1942ರಲ್ಲಿ ಭರ್ತಿ, 1946ರಲ್ಲಿ ಬಿಡುಗಡೆ ಎಂಬುದು ಹೀಗೆ ಗಟ್ಟಿಯಾಯಿತು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯನ್ನೂ ಮರೆಯಬೇಡಿ. ಅಜ್ಜಿ ಸಹಾಯಧನಕ್ಕೆ ಹಾಕಿದ್ದ ಹಳೇ ಅರ್ಜಿಯ ಪ್ರತಿ ಇದ್ದರೆ ಅದರಲ್ಲಿ ನಂಬರು ಇದ್ದೇ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು, ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದೂ, ಬೆಟಾಲಿಯನ್ನಿನ ಯುದ್ಧ ದಿನಚರಿ, ಅಂದರೆ ಪಲ್ಟಣ ಆಯಾ ದಿನ ಬರೆದಿಟ್ಟ ವರದಿ. ಇಟಲಿಯ ದಿನಚರಿಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ; ಬರ್ಮಾದ್ದಕ್ಕೆ ಅಲ್ಲೇ ಡಬ್ಲ್ಯೂ.ಒ. (ವಾರ್ ಆಫೀಸ್) 172 ಎಂಬ ಸರಣಿ ನೋಡಬೇಕು. ಅಲ್ಲಿ ಕೆಲಸಕ್ಕಿದ್ದ ನಮ್ಮ ಊರಿನ ಹುಡುಗ ರೀಡರ್ಸ್ ಟಿಕೆಟ್ ಮಾಡಿಸಿಕೊಂಡು ಮೊಬೈಲಿನಲ್ಲಿ ಪುಟ ಪುಟ ಫೋಟೊ ತೆಗೆದು ಕಳಿಸಿದ. ದಿನಚರಿಯಲ್ಲಿ ಬ್ರಿಟಿಷ್ ಅಧಿಕಾರಿಗೆ ಹೆಸರಿದೆ, ಸುಬೇದಾರನಿಗೂ ಆಗಾಗ ಇದೆ. ಸಿಪಾಯಿಗಳು ಬರುವುದು ಐ.ಒ.ಆರ್. ಎಂಬ ಮೂರಕ್ಷರದಲ್ಲಿ, ಪಕ್ಕಕ್ಕೆ ಒಂದು ಅಂಕಿ: ಸತ್ತವರು ಇಷ್ಟು, ಗಾಯಾಳು ಇಷ್ಟು. ಇಂಡಿಯನ್ ಅದರ್ ರ‍್ಯಾಂಕ್ಸ್. ನನ್ನ ಅಜ್ಜ ಆ ಅಂಕಿಗಳ ಆಚೆ, ಬದುಕಿ ಉಳಿದವರ ಲೆಕ್ಕದಲ್ಲಿ ಇದ್ದ. ಸಿಟ್ಟು ಬರುತ್ತದೆ. ಆ ಯುದ್ಧಕ್ಕೆ ಭಾರತದಿಂದ ಸುಮಾರು 25 ಲಕ್ಷ ಜನ ಹೋದರು, ಅವರಲ್ಲಿ ಹೆಚ್ಚಿನವರ ಪಾಡು ಇದೇ.

ಹೆಸರಿಲ್ಲದಿದ್ದರೂ ದಾರಿ ಸಿಗುತ್ತದೆ. ಪಲ್ಟಣ 8ನೇ ಭಾರತೀಯ ಡಿವಿಜನ್ನಿನಲ್ಲಿತ್ತು. ಡಿವಿಜನ್ 1943ರ ಸೆಪ್ಟೆಂಬರ್‌ನಲ್ಲಿ ಟರಾಂಟೊ ಬಂದರಿಗೆ ಇಳಿದು, ನವೆಂಬರ್‌ನ ಮಳೆಯಲ್ಲಿ ಸಾಂಗ್ರೊ ನದಿ ದಾಟಿ, ಮರುವರ್ಷ ಮೇನಲ್ಲಿ ಕಸೀನೊ ಬಳಿಯ ಗಾರಿ ನದಿ ದಾಟಿತು. 1945ರ ಏಪ್ರಿಲ್ 9ರಂದು ಸೆನಿಯೊ ನದಿ. ಅದೇ ಪಲ್ಟಣದ ಸಿಪಾಯಿ ನಾಮದೇವ ಜಾಧವ ಅವರಿಗೆ ಬ್ರಿಟಿಷರ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಬಂದದ್ದು ಆ ದಿನದ ಸಾಹಸಕ್ಕೆ. ಗಾಯಗೊಂಡ ಇಬ್ಬರನ್ನು ಒಬ್ಬೊಬ್ಬರಾಗಿ ಹೊತ್ತು, ನೀರು ದಾಟಿ, ಏರಿ ಹತ್ತಿ ತಂದರು; ಮತ್ತೆ ಒಬ್ಬರೇ ಹೋಗಿ ಮಷಿನ್‌ಗನ್ ಠಾಣ್ಯಗಳನ್ನು ಅಡಗಿಸಿದರು; ಕೈಗೆ ಗಾಯವಾಗಿ ಗನ್ ಹಿಡಿಯಲಾಗದಾಗ ಗ್ರೆನೇಡ್ ಎಸೆದರು. "ಅಜ್ಜ ಅವರ ಬಾಜೂಕ ಇದ್ದ ಅಂತ ಬರಿ" ಎಂದು ಚಿಕ್ಕಪ್ಪ ಹಟ ಹಿಡಿದ. ನಾನು ಬರೆಯಲಿಲ್ಲ. ಪಲ್ಟಣ ಅಲ್ಲಿತ್ತು ಅನ್ನುವುದು ಬೇರೆ, ಅಜ್ಜ ಅಲ್ಲಿದ್ದ ಅನ್ನುವುದು ಬೇರೆ. ಆ ದಿನ ಅವನು ಆಸ್ಪತ್ರೆಯಲ್ಲಿದ್ದಿರಬಹುದು, ಹಿಂದೆ ಪಲ್ಟಣದ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದಿರಬಹುದು. ಅದೂ ಸೇವೆಯೇ.

ಯುದ್ಧದಿಂದ ಮರಳದವರನ್ನು ಹುಡುಕುವುದು ಒಂದು ಲೆಕ್ಕಕ್ಕೆ ಸುಲಭ. ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ಆನ್‌ಲೈನಿನಲ್ಲೇ ಇದೆ, ಎಷ್ಟೋ ಹೆಸರಿನ ಮುಂದೆ ತಂದೆಯ ಹೆಸರು, ಊರು, ಜಿಲ್ಲೆ ಕೊಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಹಳೇ "ಬೆಳಗಾಂ" ಎಂದು ಹಾಕಿ ಹುಡುಕಬೇಕು. ಆ ಹೆಸರುಗಳನ್ನು ಊರಿನವರಿಗೆ ತಿಳಿಯುವಂತೆ ಕನ್ನಡದಲ್ಲಿ ತಾಲ್ಲೂಕುವಾರು ಬರೆದಿಡುತ್ತಿದ್ದೇನೆ. ಸಂಪಗಾಂವ ಮುಗಿಯಿತು, ಪರಸಗಡ ನಡೆದಿದೆ.